ಮೌನೇಶಪ್ಪ ಬಡಿಗೇರ ಇರಲಿಲ್ಲ

ಮೌನೇಶಪ್ಪ ಬಡಿಗೇರ ತೀರಿಕೊಂಡ ದಿನ ಸಂಜೆ ನಲವತ್ತೊಂದು ಜನರ ಜೊತೆ ಮಾತಾಡಿದ.

ಇದರಲ್ಲಿ ಬಣ್ಣ ಹಚ್ಚಿದ್ದು ಏನೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಬೆಣ್ಣಿಹಾಳದ ಜನವೆಲ್ಲ ಹಳ್ಳದ ದಂಡೆಗೆ ಹೋಗಿ ಆತನಿಗೆ ಹಿಡಿಹಿಡಿ ಮಣ್ಣು ಕೊಟ್ಟು ಬಂದಿತ್ತು. ಮನೆಗೆ ಬಂದು ಸ್ನಾನ ಮಾಡಿ ಕುಡಿಯಲು ನೀರಿಗೆ ಹೋದಾಗ ನಲವತ್ತೊಂದು ಮನೆಗಳಲ್ಲಿ ನೀರು ಸೋಸುವ ಬಿಲ್ಲೆ ಸವೆದಿರುವುದು ಕಂಡಿತು. ತಿಂಗಳ ಕೊನೆ ಬೇರೆ. ತಂತಮ್ಮ ಕುಲುಮೆಯ ಗುಂಡಿ ಒತ್ತಿದರು. ಒತ್ತಿದ ಕೂಡಲೇ ಮೌನೇಶಪ್ಪನ ದನಿ, ಎಂದಿನಂತೆ ಸಣ್ಣಗೆ ಕೆಮ್ಮಿ, "ಆತು, ಒಯ್ರಿ. ಚಾ ಕುಡದ ಹೋಗ್ರಿ" ಅಂದಿತು. ನಲವತ್ತೊಂದು ಜನರೂ ಒಂದು ಗಳಿಗೆ ಕೈ ತಡೆದು ನಿಂತರು. ಆಮೇಲೆ ಹೊಸ ಬಿಲ್ಲೆಯನ್ನು ಗಡಿಗೆಯ ಬಾಯಿಗೆ ಕೂರಿಸಿದರು. ಎಷ್ಟಂದರೂ ಬಾಯಾರಿಕೆ.

ಅದೇ ಹೊತ್ತಿಗೆ ಆತನ ಹೆಂಡತಿ ಕಾಳಮ್ಮ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಅಳು ಎದೆಯಿಂದ ಎದ್ದು ಗಂಟಲಿನವರೆಗೆ ಬಂದಿತ್ತು. ಆಗ ಮೂಲೆಯಲ್ಲಿದ್ದ ಗಂಡನ ಕುಲುಮೆ ಒಂದರ ಹಿಂದೊಂದರಂತೆ ನಲವತ್ತೊಂದು ಸಲ ಜನರನ್ನು ಚಹಾಕ್ಕೆ ಕರೆಯಿತು. ಗಂಟಲಿಗೆ ಬಂದ ಅಳು ಮರಳಿ ಕೆಳಗಿಳಿಯಿತು. ಹದಿನಾಲ್ಕು ತಿಂಗಳು ಕಳೆದರೂ ಅದು ಮತ್ತೆ ಮೇಲೆ ಬರಲಿಲ್ಲ.

"ಸತ್ತವರು ಮೂಲ್ಯಾಗ ಕುಂತು ಮಂದೀನ ಚಾಕ್ಕ ಕರ್ಯಾಕತ್ತಾರ. ನಾ ಯಾರ ಸಲುವಾಗಿ ಅಳ್ಲಿ, ಹೇಳು?" ಎಂದು ಕಾಳಮ್ಮ ಪಕ್ಕದ ಮನೆಯ ಫಕೀರವ್ವನನ್ನು ಕೇಳಿದಳು.

"ಇರ್ಲಿ ಬಿಡಬೇ," ಅಂದಳು ಫಕೀರವ್ವ. "ನಮ್ಮನೀಯವರು ಜೀವಂತ ಇದ್ದೂ ಇವತ್ತಿನ ತನಕಾ ಒಬ್ರನ್ನೂ ಚಾಕ್ಕ ಕರದಿಲ್ಲ."

ಇಲ್ಲಿ ಕುಲುಮೆಯ ವಿಷಯ ಎರಡು ಮಾತು ಹೇಳಬೇಕು. ಬೆಣ್ಣಿಹಾಳದವರು ಕುಲುಮೆ ಎಂದು ಕರೆಯುತ್ತಿದ್ದದ್ದು ಕಮ್ಮಾರನ ಬೆಂಕಿಯನ್ನಲ್ಲ. ಅದು ಮನೆಯ ಮೂಲೆಯಲ್ಲಿ ಕೂರುವ, ಕಪಾಟಿಗಿಂತ ಗಿಡ್ಡ, ಹಿಟ್ಟಿನ ಡಬ್ಬಿಗಿಂತ ಎತ್ತರದ ಒಂದು ಪೆಟ್ಟಿಗೆ. ಮೇಲಿನ ಬಾಯಿಗೆ ಪುಡಿ ಸುರಿಯಬೇಕು: ಕಬ್ಬಿಣದ್ದು, ಮಣ್ಣಿನದ್ದು, ಹಳೇ ಪ್ಲಾಸ್ಟಿಕ್ಕಿನದ್ದು. ಏನು ಬೇಕೆಂದು ಹೇಳಬೇಕು. ಅದು ಪುಡಿಯನ್ನು ಕಾಯಿಸಿ, ಪದರದ ಮೇಲೆ ಪದರ ಹಾಕಿ, ಸೌಟು, ಸೈಕಲ್ಲಿನ ಪೆಡಲು, ಚಪ್ಪಲಿ, ಬಾಗಿಲ ಕೊಂಡಿ, ಯಾವುದನ್ನಾದರೂ ಕೆಳಗಿನ ಬಾಯಿಂದ ಹಡೆಯುತ್ತಿತ್ತು. ಮೊದಲ ವರ್ಷ ಊರಿನ ಸ್ಟೀಲ್ ಅಂಗಡಿ ಮುಚ್ಚಿತು. ಎರಡನೇ ವರ್ಷ ಊರ ಹೊರಗಿನ ಪೈಪಿನ ಕಾರ್ಖಾನೆ ಮುಚ್ಚಿತು.

ಮೂರನೇ ವರ್ಷ ಮುಯ್ಯಿ ಬಂತು. ನನ್ನ ಹೊಲಕ್ಕೆ ನೀ ಬಾ, ನಿನ್ನ ಹೊಲಕ್ಕೆ ನಾ ಬರ್ತೀನಿ, ನಮ್ಮ ಮನೆ ಮದುವೆಗೆ ನೀ ಕುಪ್ಪಸ ತಂದರೆ ನಿಮ್ಮ ಮನೆ ಮದುವೆಗೆ ನಾ ತರ್ತೀನಿ ಎನ್ನುವ ಆ ಹಳೇ ಮುಯ್ಯಿಯೇ. ಈಗ ಅದು ಕಂಪ್ಯೂಟರಿನೊಳಗಿನ ನಾಣ್ಯವಾಯಿತು. ನೀವು ಮಾಡಿದ್ದನ್ನು ಇನ್ನೊಬ್ಬರು ಒಪ್ಪಿ ತಗೊಂಡ ಗಳಿಗೆಗೆ ನಿಮ್ಮ ಹೆಸರಿನಲ್ಲಿ ಒಂದು ಮುಯ್ಯಿ ತಾನಾಗಿ ಹುಟ್ಟುತ್ತದೆ. ತಿಂಗಳೊಳಗೆ ಬಳಸದಿದ್ದರೆ ಕರಗಿ ಹೋಗುತ್ತದೆ. ಕೂಡಿಡಲು ಬರದ ದುಡ್ಡನ್ನು ಇಟ್ಟುಕೊಂಡು ಬ್ಯಾಂಕು ಏನು ಮಾಡಬೇಕು? ಮ್ಯಾನೇಜರರು ಮೂರು ತಿಂಗಳು ಪೇಪರ್ ಓದುತ್ತ ಕೂತು, ಒಂದು ದಿನ ತಮ್ಮ ಹೆಸರಿನ ಫಲಕವನ್ನು ತಾವೇ ಬಿಚ್ಚಿಕೊಂಡು ಹೊರಟುಹೋದರು. ಬ್ಯಾಂಕಿನ ತಿಜೋರಿ ಕೋಣೆಗೆ ಎರಡು ಅಡಿ ದಪ್ಪದ ಗೋಡೆ, ಒಳಗೆ ಒಳ್ಳೇ ತಂಪು. ಮುಯ್ಯಿಯ ಲೆಕ್ಕ ಇಡುವ ಕಂಪ್ಯೂಟರುಗಳನ್ನು ಅಲ್ಲಿಯೇ ಇಟ್ಟರು. ಊರವರು ಅದನ್ನು ತಾಳೆಮನೆ ಎಂದರು. ಮನೆ ಪತ್ರ, ಮದುವೆ, ಮಕ್ಕಳು, ಯಾವುದನ್ನು ಯಾರು ಮಾಡಿದ್ದು, ಎಲ್ಲವೂ ತಾಳೆಪಟ್ಟಿಗೆ ಸೇರಿದವು. ಪುರಸಭೆಯವರು ಒಬ್ಬೊಬ್ಬರಾಗಿ ಕಾಣದಾದರು.

ನಡುವೆ ಒಂದು ಮೋಸ ನಡೆಯಿತು. ಹೊರಗಿನ ಕಂಪನಿಯೊಂದು ಬೆಣ್ಣಿಹಾಳದ ಹೆಣ್ಣುಮಗಳೊಬ್ಬಳು ಮಾಡಿದ ಒಲೆಯ ನಕ್ಷೆಯನ್ನು ಕದ್ದು ತನ್ನದೆಂದಿತು. ಅಂದಿನಿಂದ ಒಂದು ಕಟ್ಟುನಿಟ್ಟು ಆಯಿತು: ಯಾರ ನಕ್ಷೆಯೋ ಅವರೇ, ಅವರ ಮನೆಯ ಕುಲುಮೆಯಿಂದಲೇ, ಬಾಯಿಬಿಟ್ಟು ಹೂಂ ಅನ್ನದ ಹೊರತು ಮತ್ತೊಬ್ಬರ ಕುಲುಮೆ ಅದನ್ನು ಮಾಡುವುದಿಲ್ಲ.

ಬೆಣ್ಣಿಹಾಳದ ನೆಲದ ನೀರಿನಲ್ಲಿ ಫ್ಲೋರೈಡು. ಹತ್ತು ವರ್ಷಕ್ಕೆ ಹಲ್ಲು ಕಂದು, ನಲವತ್ತಕ್ಕೆ ಮೊಳಕಾಲು ಬಾಗುತ್ತಿತ್ತು. ಮೌನೇಶಪ್ಪನ ತಾಯಿ ಕೊನೆಯ ಆರು ವರ್ಷ ಕೂತಲ್ಲಿಯೇ ಕೂತು ಹೋದಳು. ಆತ ಬಡಿಗ. ಅಲ್ಯುಮಿನಾ ಪುಡಿ, ಸುಟ್ಟ ಜೇಡಿಮಣ್ಣು ಎರಡನ್ನೂ ಪದರಪದರವಾಗಿ ಕೂರಿಸಿ, ಕೂದಲಿಗಿಂತ ಸಣ್ಣ ತೂತು ಬಿಟ್ಟು, ರೊಟ್ಟಿಯಷ್ಟು ಅಗಲದ ಬಿಲ್ಲೆಯೊಂದನ್ನು ಮಾಡಲು ಎರಡು ವರ್ಷ ಹೆಣಗಿದ. ಬಿಲ್ಲೆ ಗೆದ್ದಿತು. ಮುನ್ನೂರ ಹನ್ನೆರಡು ಮನೆಗೆ ತಿಂಗಳಿಗೊಂದು ಬೇಕಾಯಿತು. ಮುನ್ನೂರ ಹನ್ನೆರಡು ಸಲ ಹೂಂ ಅನ್ನುತ್ತ ಕೂಡಲು ಆತನಿಗೆ ಪುರುಸೊತ್ತಿರಲಿಲ್ಲ. ತನ್ನ ಕುಲುಮೆಗೆ ತನ್ನ ದನಿ ಕಲಿಸಿ, "ಬಿಲ್ಲಿ ಯಾರ ಕೇಳಿದ್ರೂ ಇಲ್ಲ ಅನಬ್ಯಾಡ" ಎಂದು ಹೇಳಿ ಕದ ಕೆತ್ತಲು ಹೋದ.

ಹೀಗೆ ಬದುಕಿದ್ದವನು ಒಂದು ದಿನ ಊಟಕ್ಕೆ ಕೂತು, ಕೈಯ ತುತ್ತು ಬಾಯಿಗೆ ಹೋಗುವ ಮೊದಲೇ ಒರಗಿಬಿಟ್ಟ. ಕುಲುಮೆಗೆ ಅದನ್ನು ಯಾರೂ ಹೇಳಲಿಲ್ಲ.

ಮಕ್ಕಳಿಲ್ಲದ ಮನೆ. ಕಾಳಮ್ಮ ಕೌದಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದಳು. ಹಳೇ ಸೀರೆಯ ತುಂಡು ತುಂಡು ಕೂಡಿಸಿ ಕೌದಿ ಹೊಲಿಯುವುದು ಕುಲುಮೆಗೆ ಬರುತ್ತಿರಲಿಲ್ಲ. ಹೊಲಿಗೆಯ ನಡುವೆ ದಿನಕ್ಕೆ ಹತ್ತೋ ಹದಿನೈದೋ ಸಲ ಮೂಲೆಯಿಂದ ದನಿ ಬರುತ್ತಿತ್ತು. ಮೊದಮೊದಲು ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಕುಲುಮೆಯ ಮೇಲೆ ಎರಡು ಕೌದಿ ಹೊದಿಸಿದಳು. ಗಂಡನಿಗೆ ನೆಗಡಿಯಾದಂತೆ ಕೇಳಿಸಿತು, ಅಷ್ಟೆ. ಹಿತ್ತಲಿಗೆ ತಳ್ಳಿ ನೋಡಿದಳು. ಆ ಕಡೆಯ ಓಣಿಯಲ್ಲಿ ಹೋಗುವ ಅಪರಿಚಿತರು ಚಹಾ ಎಂದ ಕೂಡಲೇ ಬಾಗಿಲಿಗೆ ಬಂದು ನಿಲ್ಲತೊಡಗಿದರು. ಇಬ್ಬರಿಗೆ ಮಾಡಿಯೂ ಕೊಟ್ಟಳು.

ಕೊನೆಗೊಂದು ಸೋಮವಾರ ತಂತಿ ಕಿತ್ತಳು. ಮನೆ ಗಪ್ಪಾಯಿತು. ಎರಡು ದಿನ ಒಳ್ಳೇ ಗಪ್ಪು. ಮೂರನೇ ದಿನ ಮುಂಜಾನೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಏಳೆಂಟು ಜನ ಖಾಲಿ ಗಡಿಗೆ ಹಿಡಿದು ಕೂತಿದ್ದರು. ಯಾರೂ ಬೈಯಲಿಲ್ಲ, ಏನೂ ಕೇಳಲಿಲ್ಲ. ಸೊಸೆಯ ಹೆಗಲ ಮೇಲೆ ಕೈಯಿಟ್ಟು ನಡೆದು ಬಂದಿದ್ದ ಒಬ್ಬ ಮುದುಕಿ ತನ್ನ ಬಾಗಿದ ಕಾಲನ್ನು ನೀವಿಕೊಳ್ಳುತ್ತಿದ್ದಳು. ಕಾಳಮ್ಮ ಒಳಗೆ ಹೋಗಿ ತಂತಿ ಹಚ್ಚಿದಳು. "ಆತು, ಒಯ್ರಿ" ಎಂದಿತು ಮೂಲೆ.

ಅದೇ ದಿನ ಆಕೆ ತಾಳೆಮನೆಗೆ ಹೋದಳು.

ತಾಳೆಮನೆಯನ್ನು ನೋಡಿಕೊಳ್ಳುತ್ತಿದ್ದವಳು ಮೆಹರುನ್ನಿಸಾ. ಗದಗಿನಲ್ಲಿ ಓದಿ ಬಂದವಳು, ಮುಯ್ಯಿಯ ಕಟ್ಟಳೆಗಳನ್ನೆಲ್ಲ ಕಂಪ್ಯೂಟರಿಗೆ ಬರೆದುಕೊಟ್ಟವಳು. ತಿಜೋರಿಯ ಕಬ್ಬಿಣದ ಬಾಗಿಲಿಗೆ ಒರಗಿ, ಸ್ವೆಟರು ಹಾಕಿಕೊಂಡು ಕೂತಿರುತ್ತಿದ್ದಳು. ಮೌನೇಶಪ್ಪನನ್ನು ಮಾವ ಎಂದೂ ಕಾಳಮ್ಮನನ್ನು ಅತ್ತಿ ಎಂದೂ ಕರೆಯುತ್ತಿದ್ದಳು.

"ಮೆಹರೂ, ನಿಮ್ಮ ಮಾವಾರು ಸತ್ತಾರ ಅಂತ ಬರಕೋ."

"ಗೊತ್ತೈತೆಲ್ಲ ಅತ್ತಿ. ನಾನೂ ಮಣ್ಣ ಕೊಟ್ಟೀನಿ."

"ನಿನಗ ಗೊತ್ತಿದ್ರ ಏನಾತು? ಇದಕ್ಕ ಗೊತ್ತಾಗಬೇಕಲ್ಲ."

ಮೆಹರು ಮಿಣಿಮಿಣಿ ದೀಪಗಳ ಕಡೆ ನೋಡಿದಳು. "ಇದಕ್ಕ ಮೂರ ಮಾತು ತಿಳೀತಾವ. ಕೊಟ್ರು, ತಗೊಂಡ್ರು, ಮುಟ್ಟಿತು. ಸತ್ರು ಅಂದ್ರ ತಿಳ್ಯಂಗಿಲ್ಲ."

"ಯಾಕ ಕಲಿಸಿಲ್ಲ ನೀ?"

"ಕಲಿಸಾಕ ಬಿಟ್ರೇನು ನಿಮ್ಮ ಮಂದಿ?"

ಅದು ನಿಜ. ಕಟ್ಟಳೆ ಮಾಡುವ ಸಭೆಯನ್ನು ಊರವರು ಒಳ್ಳೇ ದಿನ ನೋಡಿ ಯುಗಾದಿಗೆ ಇಟ್ಟಿದ್ದರು. ಬೇವು ಬೆಲ್ಲ ಹಂಚಿದ ಮೇಲೆ ಮೆಹರು ಎದ್ದು ನಿಂತು, "ಯಾರರೆ ಸತ್ರ ಅವರ ಲೆಕ್ಕ ಏನ್ ಮಾಡೂದು?" ಎಂದು ಕೇಳಿದ್ದಳು. ಸಭೆಗೆ ಸಭೆಯೇ ಕಿವಿ ಮುಚ್ಚಿಕೊಂಡಿತ್ತು. "ಬಿಡ್ತು ಅನ್ನವ್ವಾ, ಹಬ್ಬದ ದಿನಾ ಎಂಥಾ ಮಾತು," ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ಮೌನೇಶಪ್ಪನೇ. ಮೆಹರು ಬಿಡ್ತು ಅಂದಳು. ಆ ಕಲಮನ್ನು ಮುಂದಿನ ಸಭೆಗೆ ಇಟ್ಟರು. ಮುಂದಿನ ಸಭೆಗೆ ಯಾರೂ ಬರಲಿಲ್ಲ, ಎಲ್ಲರ ಮನೆಯಲ್ಲೂ ಕುಲುಮೆ ಓಡುತ್ತಿತ್ತು.

"ಹಂಗಾರ ಈಗ ಕಲಿಸು," ಅಂದಳು ಕಾಳಮ್ಮ.

"ಕಟ್ಟಳಿ ಬದಲಿ ಮಾಡಾಕ ಪಟ್ಟ್ಯಾಗಿದ್ದ ಎಲ್ಲಾರೂ ಹೂಂ ಅನಬೇಕು. ಒಬ್ರೂ ಬಿಡಂಗಿಲ್ಲ."

"ಯಾರ ಬ್ಯಾಡಂತಾರ?"

"ಬ್ಯಾಡನ್ನಂಗಿಲ್ಲ. ಮಾವಾರೂ ಹೂಂ ಅನಬೇಕಲ್ಲ?"

"ಅವರು ಊರಿಗೆಲ್ಲ ಹೂಂ ಅನಕೋತ ಕುಂತಾರ."

"ಅದು ಬಿಲ್ಲೀಗೆ ಅತ್ತಿ. ಇದಕ್ಕ ಅನ್ನೂದು ಅವರು ಕಲಿಸಿಲ್ಲ." ಮೆಹರು ಬೆರಳು ಮಡಚಿ ಎಣಿಸಿದಳು. "ಮತ್ತ ಅವರೊಬ್ರ ಅಲ್ಲ. ಅವತ್ತಿಂದ ಇವತ್ತಿನ ಮಟ ಹನ್ನೊಂದು ಮಂದಿ ಹೋಗ್ಯಾರ. ಹನ್ನೊಂದೂ ಮಂದಿ ಎದ್ದ ಬಂದು ತಾವು ಸತ್ತೇವಿ ಅಂತ ಒಪ್ಪಬೇಕು."

ಉಳಿದ ಹತ್ತು ಜನ ಸಭ್ಯರು. ಸತ್ತ ಮೇಲೆ ಪಟ್ಟಿಯಲ್ಲಿ ಸುಮ್ಮನೆ ಬಿದ್ದಿದ್ದರು, ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಮೌನೇಶಪ್ಪನ ಹೆಸರಿನಲ್ಲಿ ಮಾತ್ರ ತಿಂಗಳಿಗೆ ಮುನ್ನೂರ ಹನ್ನೆರಡು ಮುಯ್ಯಿ ಹುಟ್ಟಿ, ಕೈ ಹಚ್ಚುವವರಿಲ್ಲದೆ ತಿಂಗಳ ಕೊನೆಗೆ ಕರಗುತ್ತಿದ್ದವು. ಊರಿನ ದೊಡ್ಡ ಗಳಿಕೆದಾರ ಹಳ್ಳದ ದಂಡೆಯಲ್ಲಿದ್ದ.

ಕಾಳಮ್ಮ ಎದ್ದಳು. ಬಾಗಿಲಿಗೆ ಹೋಗಿ ತಿರುಗಿ ನಿಂತಳು.

"ನಿಮ್ಮ ಮಾವಾರ ಮ್ಯಾಲ ನಾ ಒಂದ ಸಲ ಕಣ್ಣೀರ ಹಾಕಬೇಕವ್ವಾ. ಮೂವತ್ನಾಕ ವರ್ಷ ಬಾಳೇ ಮಾಡೀನಿ. ಅಷ್ಟಾದ್ರೂ ಮಾಡೂದ ಬ್ಯಾಡೇನು? ಬಾಯಿ ತಗದ್ರ ಸಾಕು, ಅವರ ನನ್ನಕಿಂತ ಮೊದಲ ಬಾಯಿ ತಗೀತಾರ."

ಮೆಹರು ಆ ರಾತ್ರಿಯೂ ಮರುದಿನವೂ ತಾನೇ ಬರೆದ ಕಟ್ಟಳೆಗಳನ್ನು ಮೊದಲಿಂದ ಓದಿದಳು. ನಾಲ್ಕನೇ ದಿನ ಕಾಳಮ್ಮನ ಮನೆಗೆ ಬಂದು, ಹೊಲಿಯುತ್ತಿದ್ದ ಕೌದಿಯ ಇನ್ನೊಂದು ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು.

"ಒಂದ ದಾರಿ ಐತಿ ಅತ್ತಿ. ಹೇಳಾಕ ಬಾಯಿ ಬರವಲ್ದು."

"ಹೇಳು."

"ಶುರುವಿಗೆ ಕೆಲವ್ರು ಸುಳ್ಳ ಹೆಸರ ಬರಸಿದ್ರಲ್ಲ, ನೆನಪೈತೇನು? ಆ ಕೆಳಗಿನ ಓಣಿಯಂವ ತನ್ನ ಎಮ್ಮೀನ ಅಕ್ಕ ಅಂತ ಬರಸಿದ್ದ. ಅಂಥಾವನ್ನ ತಗ್ಯಾಕ ಒಂದು ಕಟ್ಟಳಿ ಮಾಡಿದ್ವಿ. ಆ ಮನಿಯವರೊಬ್ರು, ನೆರೆಮನಿಯವರಿಬ್ರು ಬಂದು, ಇಂಥವರು ಯಾರೂ ಇರಲಿಲ್ಲ ಅಂತ ಬಾಯಿಲೇ ಹೇಳಬೇಕು. ಹೆಸರ ಹೋಗಿಬಿಡತೈತಿ."

"ಎಮ್ಮೀನ ತಗದಂಗ."

"ಹೂಂ."

"ಬಿಲ್ಲಿ? ಮಂದೀಗೆ ನೀರು?"

"ನೀರಿಗೆ ಏನೂ ಆಗಂಗಿಲ್ಲ. ಬಿಲ್ಲಿ ವಾರಸುದಾರ ಇಲ್ಲದ ವಸ್ತು ಆಗತೈತಿ, ಒಳ್ಳು, ಬೀಸೂ ಕಲ್ಲು ಇದ್ದಂಗ. ಯಾರ ಬೇಕಾದ್ರೂ ಮಾಡ್ಕೋಬೌದು. ಯಾರ್ನೂ ಕೇಳಬೇಕಿಲ್ಲ."

ಕಾಳಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ಅವರ ಹೆಸರು?"

"ಎಲ್ಲೂ ಇರಂಗಿಲ್ಲ."

ಮೂಲೆಯ ಕುಲುಮೆ ಕೆಮ್ಮಿ, ಯಾರಿಗೋ ಬಿಲ್ಲೆ ಕೊಟ್ಟು, ಚಹಾಕ್ಕೆ ಕರೆಯಿತು. ಇಬ್ಬರೂ ಆ ಕಡೆ ನೋಡಲಿಲ್ಲ.

ಒಂದು ವಾರ ಕಾಳಮ್ಮ ಯಾರಿಗೂ ಏನೂ ಹೇಳಲಿಲ್ಲ. ಪಟ್ಟಿಯಲ್ಲಿ ಗಂಡನನ್ನು ಸಾಯಿಸಬೇಕೆಂದು ಹೊರಟವಳಿಗೆ ಆತ ಹುಟ್ಟಿಯೇ ಇಲ್ಲ ಎನ್ನಬೇಕಾಗಿ ಬಂದಿತ್ತು. ಆ ವಾರ ಆಕೆ ಕೌದಿ ಹೊಲಿಯಲಿಲ್ಲ. ಕುಲುಮೆಯ ಮುಂದೆ ಮಣೆ ಹಾಕಿಕೊಂಡು ಕೂತು, ಒಂದೊಂದು "ಒಯ್ರಿ"ಯನ್ನೂ ಕೇಳಿದಳು. ಗಂಡನ ಮಾತು ಇಷ್ಟು ಕಿವಿಗೊಟ್ಟು ಆಕೆ ಹಿಂದೆಂದೂ ಕೇಳಿರಲಿಲ್ಲ. ಆತ ಬದುಕಿದ್ದಾಗ ಬೇರೆ ಕೆಲಸ ಇದ್ದವು. ಎರಡು ಮಾತೇ ಅಲ್ಲಿದ್ದವು, ಮುಂದಿನ ಮಾತು ಬರಲಿಲ್ಲ. ಆಕೆ "ಊಟಾ ಮಾಡ್ತೀರೇನ್ರಿ?" ಎಂದು ಕೇಳಿ ನೋಡಿದಳು. "ಆತು, ಒಯ್ರಿ" ಅಂದಿತು, ಆದರೆ ಅದು ಆಕೆಗಲ್ಲ.

ಎಂಟನೇ ದಿನ ಆಕೆ ಬೇಲಿಯ ಹತ್ತಿರ ಫಕೀರವ್ವನನ್ನು ಕರೆದು ವಿಷಯ ಹೇಳಿದಳು.

ಫಕೀರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಪಾಪ ಬರಂಗಿಲ್ಲೇನಬೇ? ಇದ್ದ ಮನಷ್ಯಾನ ಇಲ್ಲ ಅನ್ನೂದು? ನಮ್ಮ ಮದಿವಿ ಮಂಚಾ ಅವರ ಮಾಡ್ಯಾರ."

"ಬಿಲ್ಲಿ ಮೊದಲಿನಂಗ ಬರತಾವು."

"ಬರತಾವೇನು?"

"ಬರತಾವು. ಕೇಳೂದೂ ಬ್ಯಾಡಂತ."

"ಹಂಗಾರ ಇವರನ್ನೂ ಕರಕೊಂಡ ಬರತೇನಿ," ಎಂದಳು ಫಕೀರವ್ವ. "ಎಂದ ಬರೂದು?"

ಮರುದಿನ ಹನ್ನೊಂದಕ್ಕೆ ಮೂವರೂ ತಿಜೋರಿ ಕೋಣೆಯಲ್ಲಿ ನಿಂತರು. ಫಕೀರವ್ವ, ಆಕೆಯ ಗಂಡ ಹುಚ್ಚೀರಪ್ಪ, ಕಾಳಮ್ಮ. ಮೆಹರು ಒಬ್ಬೊಬ್ಬರ ಮುಂದೆ ಮೈಕು ಹಿಡಿದಳು. ಹುಚ್ಚೀರಪ್ಪ ಟೊಪ್ಪಿಗೆ ತೆಗೆದು, "ಮೌನೇಶಪ್ಪ ಬಡಿಗೇರ ಅನ್ನೋರು ಯಾರೂ ಇರಲಿಲ್ಲರಿ," ಎಂದು ಹೇಳಿ, ಮತ್ತೆ ಟೊಪ್ಪಿಗೆ ಹಾಕಿಕೊಂಡು, ಹೊರಗೆ ಹೋಗಿ ಎಲೆಯಡಿಕೆ ಉಗುಳಿ ಬಂದ. ಫಕೀರವ್ವ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಕಾಳಮ್ಮನ ಸರದಿ ಬಂತು.

"ಇವರು ಇರಲಿಲ್ಲ," ಅಂದಳು.

ಕೆಂಪು ದೀಪ ಹತ್ತಿತು. "ಹೆಸರ ಹೇಳಬೇಕು ಅತ್ತಿ," ಅಂದಳು ಮೆಹರು. "ಇವರು ಅಂದ್ರ ಅದಕ್ಕ ತಿಳ್ಯಂಗಿಲ್ಲ."

"ನಮ್ಮನೀಯವರು ಇರಲಿಲ್ಲ."

ಮತ್ತೆ ಕೆಂಪು.

ಮೂವತ್ತನಾಲ್ಕು ವರ್ಷ ಆಕೆ ಗಂಡನ ಹೆಸರು ಹಿಡಿದಿರಲಿಲ್ಲ. ಏನ್ರಿ ಅಂದಿದ್ದಳು, ಇವರು ಅಂದಿದ್ದಳು, ಪುರಸಭೆಯಲ್ಲಿ, ದವಾಖಾನೆಯಲ್ಲಿ ಪಕ್ಕದಲ್ಲಿ ನಿಂತವರ ಕಡೆ ನೋಡಿ ಅವರಿಂದ ಹೇಳಿಸಿದ್ದಳು. ಹೇಳಿದ್ದು ಒಂದೇ ಸಲ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ಒಡಪು ಹಾಕಿ ಹೆಸರು ಹೇಳಿದ ಹೊರತು ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಾಗ. ಹೆಸರು ಬಾಯಿಗೆ ಬರಬೇಕಾದರೆ ಆಕೆಗೆ ಆ ದಾರಿ ಬಿಟ್ಟು ಬೇರೆ ಗೊತ್ತಿರಲಿಲ್ಲ.

ಕಾಳಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಕಟಗೀ ಕಡದು ಕದಾ ಮಾಡಿ, ಕದಕ್ಕ ಹಿತ್ತಾಳಿ ಚಿಲಕಾ ಜೋಡಿ, ಒಳಗ ಬಾ ಅಂತಾರ ಮೌನೇಶಪ್ಪ, ನನ್ನ ಮಾರಿ ನೋಡಿ."

ಒಡಪು ಕೇಳಿದರೆ ನಗುವುದು ರೂಢಿ. ಫಕೀರವ್ವ ರೂಢಿಯಂತೆ ಕಿಸಕ್ಕನೆ ನಕ್ಕು, ನಕ್ಕ ಮೇಲೆ ನಾಲ್ಕು ಬೆರಳು ಬಾಯಿಗೆ ಒತ್ತಿಕೊಂಡಳು. ಹಳದಿ ದೀಪ ಹತ್ತಿ ಹಾಗೇ ನಿಂತಿತು. ಅದು ಕಾಯುತ್ತಿತ್ತು.

"ಮುಂದಿಂದು ಅತ್ತಿ," ಅಂದಳು ಮೆಹರು, ಬಹಳ ಮೆಲ್ಲಗೆ.

"ಅಂಥವರು ಯಾರೂ ಇರಲಿಲ್ಲ."

ಹಸಿರು. ಪರದೆಯ ಮೇಲೆ, "ಸುಳ್ಳು ಹೆಸರು ಒಂದನ್ನು ತೆಗೆಯಲಾಗಿದೆ. ಊರಿನ ಲೆಕ್ಕ ಚೊಕ್ಕಟವಾಗಿಡಲು ನೆರವಾದ ನಿಮಗೆ ವಂದನೆಗಳು" ಎಂದು ಬಂತು. ಈ ಸಾಲನ್ನು ಮೆಹರುವೇ ಎಮ್ಮೆಯ ಕಾಲದಲ್ಲಿ ಬರೆದಿದ್ದಳು. ಆಕೆ ಕೈ ಅಡ್ಡ ಹಿಡಿದಳು, ಕಾಳಮ್ಮನಿಗೆ ಅಷ್ಟರಲ್ಲಿ ಕಂಡಿತ್ತು.

ಮನೆಗೆ ಬಂದು ಕಾಳಮ್ಮ ಗೋಡೆಗೆ ಒರಗಿ ಕೂತಳು. ಒಂದು ಕೆಮ್ಮೂ ಇಲ್ಲ. ಈಗ ಬರುತ್ತದೆ ಎಂದು ಸಂಜೆಯವರೆಗೆ ಕೂತಳು. ಅಳು ಬರಲಿಲ್ಲ. ಮೊದಲು ಗಂಡ ಸತ್ತಿರಲಿಲ್ಲವಾದ್ದರಿಂದ ಅಳುವಂತಿರಲಿಲ್ಲ. ಈಗ ಗಂಡನೇ ಇರಲಿಲ್ಲ.

ತಾಳೆಪಟ್ಟಿ ಅರ್ಧಂಬರ್ಧ ಕೆಲಸ ಮಾಡುವಂಥದ್ದಲ್ಲ. ಗಂಡನ ಹೆಸರು ಹೋದ ಮೇಲೆ ಮದುವೆಯ ನಮೂದಿಗೆ ಕಾಲಿಲ್ಲದಾಯಿತು, ಅದೂ ಬಿತ್ತು. ಐವತ್ತಾರು ವರ್ಷದ ಕಾಳಮ್ಮ ಅವಿವಾಹಿತೆ ಎಂದಾಯಿತು. ಮೂರನೇ ದಿನ ತಾಳೆಪಟ್ಟಿಯೇ ಆಕೆಯ ಹೆಸರಿಗೆ ಮೂವರು ವರರ ವಿವರ ಕಳಿಸಿತು. ಒಬ್ಬನಿಗೆ ಇಪ್ಪತ್ತೊಂಬತ್ತು ವಯಸ್ಸು, ಗುಣವಂತ, ಕುಕನೂರಿನವನು.

ಊರಿನಲ್ಲಿ ಬಿಲ್ಲೆಗಳು ಮಾತಿಲ್ಲದೆ ಬಂದು ಬೀಳತೊಡಗಿದವು. ಮೊದಲ ತಿಂಗಳು ಜನ ಗುಂಡಿ ಒತ್ತಿ, ಅಭ್ಯಾಸಬಲದಿಂದ ಒಂದು ಗಳಿಗೆ ಕಾದು ನಿಲ್ಲುತ್ತಿದ್ದರು. ಎರಡನೇ ತಿಂಗಳು ನಿಲ್ಲಲಿಲ್ಲ. ಐದನೇ ತಿಂಗಳು ಲಕ್ಕುಂಡಿ ಕಡೆಯಿಂದ ಇಬ್ಬರು ಬಿಲ್ಲೆ ನೋಡಲು ಬಂದರು. ಕಾಳಮ್ಮ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದಳು. ಎದುರಿಗೇ ಹುಚ್ಚೀರಪ್ಪ ಅವರಿಗೆ ವಿವರಿಸುತ್ತಿದ್ದ.

"ಯಾರ ಕಂಡ ಹಿಡದದ್ರಿ ಇದನ್ನ?"

"ಯಾರೂ ಇಲ್ಲರಿ. ಅದು ಕುಲುಮ್ಯಾಗ ಮೊದಲಿಂದ ಬರತೈತಿ."

ಆತ ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಮ್ಮೆ ಬಾಯಿಬಿಟ್ಟು ಹೇಳಿದ್ದನ್ನು ಆತ ಈಗ ನಂಬಿದ್ದ. ಕಾಳಮ್ಮ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಪುರಸಭೆಯ ಕಟ್ಟಡದಲ್ಲಿ ಒಂದೇ ಕೋಣೆ ತೆರೆದಿತ್ತು. ಜನನ ಮರಣ ವಿಭಾಗ. ಗುಮಾಸ್ತ ಪ್ರಾಣೇಶರಾಯರು ದಿನಾ ಹತ್ತೂವರೆಗೆ ಬಂದು ಐದೂವರೆಗೆ ಹೋಗುತ್ತಿದ್ದರು. ಪಗಾರ ನಿಂತು ಬಹಳ ಕಾಲವಾಗಿತ್ತು. ಆದರೆ ಅವರನ್ನು ಕೆಲಸದಿಂದ ಬಿಡುಗಡೆ ಮಾಡಿದ ಆದೇಶ ಲಿಖಿತದಲ್ಲಿ ಬಂದಿರಲಿಲ್ಲ.

"ಬರ್ರಿ ಕಾಳಮ್ಮನವರ, ಕೂಡ್ರಿ. ಜನನವೋ, ಮರಣವೋ?"

"ಮರಣರಿ."

ರಾಯರು ಉದ್ದನೆಯ ಪುಸ್ತಕ ತೆರೆದು ಪೆನ್ನಿನ ಟೊಪ್ಪಿಗೆ ಬಿಚ್ಚಿದರು. ಕಾಳಮ್ಮ ಕೂತು, ಬಾಯಿ ತೆರೆದು ತಡೆದಳು. ರಾಯರು ಕೈಯೆತ್ತಿದರು.

"ಹೆಸರ ನೀವ ಹೇಳೂದ ಬ್ಯಾಡ. ನಾ ಬರಕೋತೀನಿ. ಮೂವತ್ತೊಂದು ವರ್ಷದಾಗ ಒಬ್ಬ ಹೆಣಮಗಳ ಬಾಯಾಗ ಗಂಡನ ಹೆಸರ ಹೇಳಿಸಿಲ್ಲ ನಾನು." ಬರೆದರು. ತಂದೆಯ ಹೆಸರು ಬರೆದರು. ದಿನಾಂಕ ಕೇಳಿದರು, ಬರೆದರು. ಆಮೇಲೆ ಪೆನ್ನು ನಿಂತಿತು. "ದಾಖಲೆ?"

"ಏನ್ ದಾಖಲೆರಿ?"

"ಅವರ ಗುರುತಿಂದು ಏನರೆ. ಮನಿ ಪತ್ರ?"

"ಎಲ್ಲಾ ಪಟ್ಟ್ಯಾಗ ಹಾಕಿದ್ವಿ. ಅಲ್ಲಿಂದ ಹೋದುವು."

"ಮದುವಿ ಫೋಟೋ?"

ಅದನ್ನು ಆಕೆ ಸೆರಗಿನ ಗಂಟಿನಲ್ಲಿ ತಂದಿದ್ದಳು. ರಾಯರು ಬೆಳಕಿಗೆ ಹಿಡಿದು ನೋಡಿ, ತಲೆ ಅಲ್ಲಾಡಿಸಿ ಮರಳಿ ಕೊಟ್ಟರು. "ಈಗ ಫೋಟೋ ಯಾರದು ಯಾರ ಜೋಡಿ ಬೇಕಾದ್ರೂ ಮನ್ಯಾಗ ಮಾಡಬೌದ್ರಿ. ಇದು ನಡ್ಯಂಗಿಲ್ಲ." ಅವರಿಗೆ ನಿಜವಾಗಿಯೂ ಕಸಿವಿಸಿಯಾಯಿತು. "ಇದ್ರು ಅನ್ನೂದಕ್ಕ ಒಂದು ಕಾಗದ ಇಲ್ದ, ಸತ್ರು ಅಂತ ಹ್ಯಾಂಗ ಬರೀಲಿ ನಾ? ಒಂದ ಖೊಟ್ಟಿ ನಮೂದು ಈ ಪುಸ್ತಕದಾಗ ಇಲ್ಲ. ಬೇಕಾದ್ರ ತಗದ ನೋಡ್ರಿ."

ಕಾಳಮ್ಮ ತೆಗೆದು ನೋಡಲಿಲ್ಲ. "ಇಲ್ಲ ಅಂತ ನಾನ ಹೇಳಿ ಬಂದೀನ್ರಿ," ಅಂದಳು. "ನನ್ನ ಬಾಯಿಲೇ. ಈಗ ಊರೂ ಹಂಗ ಅಂತೈತಿ. ಮುಂದಿನ ವರ್ಷ ನಾನೂ ಹಂಗ ಅಂತೀನೋ ಏನೋ." ಹೇಳಿ ಎದ್ದಳು.

"ಕೂಡ್ರಿ," ಅಂದರು ರಾಯರು.

ಕಿಟಕಿಯಿಂದ ಬಂದ ಗಾಳಿಗೆ ಹಾಳೆ ಏಳುತ್ತಿತ್ತು, ಅಂಗೈಯಿಂದ ಒತ್ತಿ ಹಿಡಿದರು. ಕೊನೆಗೆ, ದಾಖಲೆಯ ವಿವರ ಎಂಬ ಅಂಕಣದಲ್ಲಿ, ತಮ್ಮ ದುಂಡನೆಯ ಅಕ್ಷರದಲ್ಲಿ, "ನಾನು ಬಲ್ಲೆ" ಎಂದು ಬರೆದು ಕೆಳಗೆ ಸಹಿ ಮಾಡಿದರು. ಕಚೇರಿಯ ಮುದ್ರೆಯ ಸಿಕ್ಕಾ ಹೊಡೆಯಲಿಲ್ಲ. ಸಿಕ್ಕಾ ಈಗ ಎಲ್ಲರ ಕುಲುಮೆಯಲ್ಲೂ ಆಗುತ್ತಿತ್ತು, ಮಕ್ಕಳು ರೊಟ್ಟಿಯ ಮೇಲೆ ಹೊಡೆದು ಆಡುತ್ತಿದ್ದರು.

"ಇದಕ್ಕ ಕಿಮ್ಮತ್ತ ಐತೇನ್ರಿ?"

"ಇಲ್ಲ," ಅಂದರು ರಾಯರು. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ.

"ಒಂದ ಸಲ ಓದ್ರಿ."

ರಾಯರು ಕನ್ನಡಕ ಸರಿಮಾಡಿಕೊಂಡು, ಕಚೇರಿಯ ಸಪ್ಪೆ ದನಿಯಲ್ಲಿ ಓದಿದರು. "ಮೌನೇಶಪ್ಪ, ತಂದೆ ಕಾಳಪ್ಪ ಬಡಿಗೇರ. ಗಂಡು. ವಯಸ್ಸು ಐವತ್ತೊಂಬತ್ತು. ಉದ್ಯೋಗ ಬಡಿಗತನ. ಸ್ವಂತ ಮನೆಯಲ್ಲಿ ಊಟಕ್ಕೆ ಕುಳಿತಾಗ ಮೃತ. ಹೆಂಡತಿ ಕಾಳಮ್ಮ, ಇದ್ದಾರೆ."

ಕಾಳಮ್ಮ ಬೆಂಚಿನ ಮೇಲೆ ಕೂತಳು. ಮೊದಲು ಹೆಗಲು ಅಲುಗಿದವು. ಆಮೇಲೆ, ಬೆಣ್ಣಿಹಾಳದ ಹೆಂಗಸರು ಹೆಣದ ಮುಂದೆ ಅಳುವ ಹಾಗೆ, ಬಾಯಿ ತೆರೆದು, ಎದೆ ಬಡಿದುಕೊಂಡು, ಒಂದೂವರೆ ವರ್ಷದ ಮೇಲಿನ ಅಳು ಹೊರಗೆ ಬಂತು.

ಪ್ರಾಣೇಶರಾಯರ ಹತ್ತಿರ ಎಲ್ಲದಕ್ಕೂ ಒಂದು ಫಾರಂ ಇತ್ತು, ಇದಕ್ಕಿರಲಿಲ್ಲ. ಅವರು ಸದ್ದಾಗದ ಹಾಗೆ ಎದ್ದು ಹೊರಗೆ ಹೋಗಿ, ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಪಡಸಾಲೆಯಲ್ಲಿ ಒಬ್ಬರೂ ಇರಲಿಲ್ಲ.

"ಸ್ವಲ್ಪ ತಡೀರಿ," ಅಂದರು ರಾಯರು ಖಾಲಿ ಪಡಸಾಲೆಗೆ. "ಒಳಗ ಮಂದಿ ಅದಾರ."